ಪೆಟ್ರೋಲಲ್ಲಿ ಓಡಿದ ಎಸಿ ಪ್ರೊಪೇನಲ್ಲಿ ಯಾಕೆ ನಿಂತಿತು? ಟ್ರೇಲರ್ ಜನರೇಟರಿನ ಗ್ಯಾಸ್ ಲೆಕ್ಕ

ಪ್ರಶ್ನೆ: ನಾವು ಡೆನ್ವರ್ ಹತ್ತಿರ ಇದ್ದೇವೆ. ಹೋದ ಚಳಿಗಾಲದಲ್ಲಿ 24 ಅಡಿಯ ಸೆಕೆಂಡ್ ಹ್ಯಾಂಡ್ ಟ್ರಾವೆಲ್ ಟ್ರೇಲರ್, ಅಂದರೆ ಗಾಡಿಯ ಹಿಂದೆ ಎಳೆದೊಯ್ಯುವ ಪುಟ್ಟ ಮನೆ, ತಗೊಂಡೆವು. 30 ಆ್ಯಂಪ್ ಕನೆಕ್ಷನ್, ಮೇಲೆ 13,500 ಬಿಟಿಯು (ಶಾಖದ ಅಳತೆ) ಎಸಿ. ಪೆಟ್ರೋಲ್ ಮತ್ತು ಪ್ರೊಪೇನ್ ಎರಡರಲ್ಲೂ ಓಡುವ ಇನ್ವರ್ಟರ್ ಜನರೇಟರ್ ಒಂದನ್ನೂ ಕೊಂಡೆ. ಡಬ್ಬದ ಮೇಲೆ ಪೆಟ್ರೋಲಿಗೆ 3,100 ವ್ಯಾಟ್, ಪ್ರೊಪೇನಿಗೆ 2,790 ವ್ಯಾಟ್ ಎಂದಿದೆ. ಏಪ್ರಿಲ್‌ನಲ್ಲಿ ಮನೆ ಮುಂದೆ ಪೆಟ್ರೋಲ್ ಹಾಕಿ ನೋಡಿದಾಗ ಎಸಿ ಚೆನ್ನಾಗಿ ಓಡಿತು. ಮೇ ಕೊನೆಗೆ ಕೊಲೊರಾಡೊದ ಮರಳುದಿಬ್ಬಗಳ ನ್ಯಾಷನಲ್ ಪಾರ್ಕ್ ಗ್ರೇಟ್ ಸ್ಯಾಂಡ್ ಡ್ಯೂನ್ಸ್‌ಗೆ ಹೋಗಿ, ಟ್ರೇಲರಿನ ಪಕ್ಕದಲ್ಲಿರುವ ಗ್ಯಾಸ್ ಪೋರ್ಟಿಗೆ ಪೈಪ್ ಜೋಡಿಸಿ ಪ್ರೊಪೇನಲ್ಲಿ ಓಡಿಸಿದರೆ ಎಂಜಿನ್ ಏರಿಳಿಯುತ್ತಿತ್ತು, ಎಸಿ ಶುರುವಾದ ತಕ್ಷಣ ಓವರ್‌ಲೋಡ್ ದೀಪ ಹತ್ತಿ ಕರೆಂಟ್ ಹೋಯಿತು. ಜನರೇಟರ್ ಕೆಟ್ಟಿದೆಯಾ? ಶಿವಮೊಗ್ಗದಿಂದ ಅಮ್ಮ ಬರುತ್ತಿದ್ದಾರೆ, ಜುಲೈನಲ್ಲಿ ಅವರನ್ನು ಯೂಟಾದ ಮೋಆಬ್‌ಗೆ ಕರೆದುಕೊಂಡು ಹೋಗಬೇಕು, ಎಸಿ ಇಲ್ಲದೆ ಆಗುವುದಿಲ್ಲ. ಒಂದು ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ? ಇದು ನಮ್ಮೂರಿನ ಅಡುಗೆ ಗ್ಯಾಸೇನಾ?

ಉತ್ತರ: ಜನರೇಟರ್ ಕೆಟ್ಟಿಲ್ಲ. ಅದನ್ನು ವಾಪಸ್ ಮಾಡುವ ಯೋಚನೆ ಇದ್ದರೆ ಬಿಡಿ. ಅದಕ್ಕೆ ಒಂದೇ ಸಲ ಎರಡು ಕಷ್ಟ ಬಂದಿವೆ: ಎತ್ತರದಲ್ಲಿ ಗಾಳಿ ಸಾಲಲಿಲ್ಲ, ಆ ಪಕ್ಕದ ಪೋರ್ಟಿನಿಂದ ಗ್ಯಾಸೂ ಸಾಲಲಿಲ್ಲ. ಎರಡನ್ನೂ ಬೇರೆ ಬೇರೆ ಮಾಡಿ ನೋಡಿದರೆ ಎಲ್ಲ ಸರಿಹೋಗುತ್ತದೆ. ಒಂದು ಮಾತು ಮೊದಲೇ ಹೇಳುತ್ತೇನೆ, ಅಮೆರಿಕದಲ್ಲಿ ಗ್ಯಾಸ್ ಅಂದರೆ ಪೆಟ್ರೋಲ್, ಆದರೆ ಈ ಉತ್ತರದಲ್ಲಿ ನಾನು ಗ್ಯಾಸ್ ಎಂದಲ್ಲೆಲ್ಲ ಅದು ಸಿಲಿಂಡರಿನ ಗ್ಯಾಸ್.

ಮೊದಲು ಲೆಕ್ಕ. ಡಬ್ಬದ ಮೇಲಿನ ವ್ಯಾಟ್ ಸಮುದ್ರ ಮಟ್ಟದ ಲೆಕ್ಕ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಎಂಜಿನ್ ಒಂದು ಉಸಿರಿಗೆ ಎಳೆದುಕೊಳ್ಳುವ ಆಮ್ಲಜನಕ ಕಡಿಮೆಯಾಗುತ್ತದೆ. ಪ್ರತಿ 1,000 ಅಡಿಗೆ ಶೇಕಡಾ 3ರಿಂದ 3.5ರಷ್ಟು ಶಕ್ತಿ ಹೋಯಿತು ಎಂದು ಇಟ್ಟುಕೊಳ್ಳಿ. ನಿಮ್ಮ ಮನೆ ಡೆನ್ವರ್ ಹತ್ತಿರ, ಅಂದರೆ 5,280 ಅಡಿ. ಅಲ್ಲಿ ಪೆಟ್ರೋಲಿನ 3,100 ವ್ಯಾಟ್ ಇಳಿದು ಹತ್ತಿರ ಹತ್ತಿರ 2,500 ಆಗುತ್ತದೆ. ಏಪ್ರಿಲ್ ತಂಪಿನಲ್ಲಿ ಎಸಿಯೂ ಕಡಿಮೆ ಎಳೆಯುತ್ತದೆ, ಹಾಗಾಗಿ ಓಡಿತು. ಸ್ಯಾಂಡ್ ಡ್ಯೂನ್ಸ್‌ನ ಕ್ಯಾಂಪ್‌ಗ್ರೌಂಡ್ ಸುಮಾರು 8,200 ಅಡಿ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಕಾಲು ಭಾಗ ಕಮ್ಮಿ. ಪ್ರೊಪೇನಿನ 2,790 ವ್ಯಾಟ್ ಅಲ್ಲಿ 2,000 ಆಸುಪಾಸಿಗೆ ಬಂದು ನಿಲ್ಲುತ್ತದೆ. ಅಂದರೆ ನೀವು ಮನೆ ಮುಂದೆ ಪರೀಕ್ಷೆ ಮಾಡಿದ ಜನರೇಟರಿಗೂ ಅಲ್ಲಿ ಓಡಿಸಿದ ಜನರೇಟರಿಗೂ 500 ವ್ಯಾಟ್ ವ್ಯತ್ಯಾಸ. ಯಂತ್ರ ಅದೇ, ನಿಂತ ಜಾಗ ಬೇರೆ.

ಪ್ರೊಪೇನಲ್ಲಿ ಶುರುವಿನಲ್ಲೇ ಶೇಕಡಾ 10 ಯಾಕೆ ಕಮ್ಮಿ ಎಂದು ಬಹಳ ಜನ ಕೇಳುತ್ತಾರೆ. ಪೆಟ್ರೋಲ್ ಎಂಜಿನ್ನಿನ ಒಳಗೆ ಸಣ್ಣ ಹನಿಗಳಾಗಿ ಹೋಗುತ್ತದೆ, ಜಾಗ ಜಾಸ್ತಿ ತಿನ್ನುವುದಿಲ್ಲ, ಆವಿಯಾಗುವಾಗ ಒಳಗೆ ಹೋಗುವ ಗಾಳಿಯನ್ನು ಸ್ವಲ್ಪ ತಂಪು ಮಾಡುತ್ತದೆ. ಪ್ರೊಪೇನ್ ಮೊದಲೇ ಆವಿಯಾಗಿ ಬರುತ್ತದೆ. ಎಂಜಿನ್ನಿನೊಳಗೆ ಹೋಗುವ ಮಿಶ್ರಣದಲ್ಲಿ ಅದೇ ನೂರಕ್ಕೆ ನಾಲ್ಕು ಪಾಲು ಜಾಗ ಹಿಡಿಯುತ್ತದೆ, ಅಷ್ಟು ಗಾಳಿ ಹೊರಗುಳಿಯುತ್ತದೆ. ಪ್ರೊಪೇನಿನ ಆಕ್ಟೇನ್, ಅಂದರೆ ಒತ್ತಿದಾಗ ತಾನಾಗಿ ಸಿಡಿಯದೆ ತಡೆಯುವ ಗುಣ, ಪೆಟ್ರೋಲಿಗಿಂತ ಹೆಚ್ಚು, ನಿಜ. ಆದರೆ ಪೆಟ್ರೋಲಿಗಾಗಿ ಮಾಡಿದ ಎಂಜಿನ್ನಿಗೆ ಅದರ ಲಾಭ ಪಡೆಯುವಷ್ಟು ಕಂಪ್ರೆಷನ್ (ಮಿಶ್ರಣವನ್ನು ಒತ್ತುವ ಶಕ್ತಿ) ಇರುವುದಿಲ್ಲ.

ಈಗ ಖರ್ಚಿನ ಕಡೆ ನೋಡಿ. 13,500 ಬಿಟಿಯು ಎಸಿ ಓಡುತ್ತಿರುವಾಗ 1,500 ವ್ಯಾಟ್ ಹತ್ತಿರ ಎಳೆಯುತ್ತದೆ, ಬಿಸಿಲು ಜೋರಿದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಕನ್ವರ್ಟರ್ ಅಂತ ಒಂದು ಡಬ್ಬ ಟ್ರೇಲರಿನ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿರುತ್ತದೆ, ಬ್ಯಾಟರಿ ಇಳಿದಿದ್ದರೆ ಅದು ಸದ್ದಿಲ್ಲದೆ 700ರಿಂದ 900 ವ್ಯಾಟ್ ತಿನ್ನುತ್ತದೆ. ನಿಮ್ಮದು ಹಳೆಯ ಟ್ರೇಲರ್, ಫ್ರಿಜ್ ಗ್ಯಾಸ್ ಮತ್ತು ಕರೆಂಟ್ ಎರಡರಲ್ಲೂ ನಡೆಯುವಂಥದ್ದೇ ಇರಬೇಕು. ಅದನ್ನು ಆಟೋದಲ್ಲಿ ಇಟ್ಟರೆ ಕರೆಂಟ್ ಬಂದ ಕೂಡಲೇ ತಾನೇ ಕರೆಂಟಿಗೆ ಹಾರುತ್ತದೆ, 300 ವ್ಯಾಟ್ ಹೋಯಿತು. ವಾಟರ್ ಹೀಟರಿನ ಕರೆಂಟ್ ಸ್ವಿಚ್ ಯಾರೋ ಆನ್ ಮಾಡಿ ಮರೆತಿದ್ದರೆ ಇನ್ನೊಂದು 1,400. ಕೂಡಿಸಿ ನೋಡಿ. ವಾಟರ್ ಹೀಟರ್ ಬಿಟ್ಟರೂ 2,500 ದಾಟುತ್ತದೆ, ಕೈಯಲ್ಲಿರುವುದು 2,000. ಓವರ್‌ಲೋಡ್ ದೀಪ ಹತ್ತದೆ ಇನ್ನೇನಾಗಬೇಕು?

ಹಾಗಾಗಿ ಎಸಿ ಹಾಕುವ ಮುಂಚೆ ಫ್ರಿಜ್ಜನ್ನು ಗ್ಯಾಸಿಗೆ ತಿರುಗಿಸಿ, ವಾಟರ್ ಹೀಟರಿನ ಕರೆಂಟ್ ಸ್ವಿಚ್ ಆಫ್ ಮಾಡಿ, ಬೆಳಗ್ಗೆ ಕಾಫಿ ಹೊತ್ತಿಗೆ ಒಂದು ಗಂಟೆ ಜನರೇಟರ್ ಓಡಿಸಿ ಬ್ಯಾಟರಿ ತುಂಬಿಸಿಬಿಡಿ. ಮಧ್ಯಾಹ್ನ ಎಸಿ ಹಾಕುವಾಗ ಕನ್ವರ್ಟರ್ ಹೆಚ್ಚು ಎಳೆಯುವುದಿಲ್ಲ. ಬೇಕಾದರೆ ಕನ್ವರ್ಟರಿನ ಬ್ರೇಕರನ್ನೇ ಆ ಎರಡು ಗಂಟೆ ಇಳಿಸಿ ಇಡಬಹುದು. ಮೈಕ್ರೋವೇವ್ ಬಗ್ಗೆ ಮನೆಯವರಿಗೆಲ್ಲ ಮೊದಲೇ ಹೇಳಿ. 1,000 ವ್ಯಾಟ್ ಎಂದು ಬರೆದ ಮೈಕ್ರೋವೇವ್ ಗೋಡೆಯಿಂದ 1,500 ಎಳೆಯುತ್ತದೆ, ಎಸಿ ಓಡುವಾಗ ಅನ್ನ ಬಿಸಿ ಮಾಡಲು ಹೋದರೆ ಎರಡೂ ಹೋಗುತ್ತವೆ.

ಇನ್ನು ಎಸಿಯ ಒಳಗಿನ ಕಂಪ್ರೆಸರ್ ಶುರುವಾಗುವ ಆ ಕ್ಷಣ. ಅದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ, ಆದರೆ ಆಗ 50-60 ಆ್ಯಂಪ್ ಬೇಡುತ್ತದೆ. 120 ವೋಲ್ಟಿನಲ್ಲಿ ಇದು 6,000ದಿಂದ 7,000 ವ್ಯಾಟ್ ಮಟ್ಟದ ಎಳೆತ. ಸಮುದ್ರ ಮಟ್ಟದಲ್ಲಿ ನಿಮ್ಮ ಜನರೇಟರ್ ಹಲ್ಲು ಕಚ್ಚಿ ತಡೆದುಕೊಂಡೀತು, 8,200 ಅಡಿಯಲ್ಲಿ ಆಗುವುದಿಲ್ಲ. ಇದಕ್ಕೆ ಸಾಫ್ಟ್ ಸ್ಟಾರ್ಟ್ ಅಂತ ಒಂದು ಸಣ್ಣ ಪೆಟ್ಟಿಗೆ ಬರುತ್ತದೆ, ಟ್ರೇಲರಿನ ಮೇಲೆ ಹತ್ತಿ ಎಸಿ ಮುಚ್ಚಳ ತೆಗೆದು ಒಳಗೆ ಜೋಡಿಸುವುದು. ಕಂಪ್ರೆಸರನ್ನು ಮೆಲ್ಲಗೆ ಎಬ್ಬಿಸುತ್ತದೆ, ಆ ಮೊದಲ ಎಳೆತ ಶೇಕಡಾ 60-70ರಷ್ಟು ಇಳಿಯುತ್ತದೆ. ನಾನು ಯಾರಿಗೇ ಆಗಲಿ ದೊಡ್ಡ ಜನರೇಟರ್ ಕೊಳ್ಳಿ ಅಂತ ಹೇಳುವ ಮುಂಚೆ ಇದನ್ನು ಹಾಕಿಸಿ ಅನ್ನುತ್ತೇನೆ. ವೈರಿಂಗ್ ಕೈಗೆ ಬರುವವರಾದರೆ ಒಂದು ಗಂಟೆ ಕೆಲಸ, ಆದರೆ ಒಳಗಿನ ಕೆಪಾಸಿಟರ್ ಕರೆಂಟ್ ತೆಗೆದ ಮೇಲೂ ಹೊಡೆಯುತ್ತದೆ, ಅದು ಗೊತ್ತಿಲ್ಲದಿದ್ದರೆ ಬಲ್ಲವರಿಂದ ಮಾಡಿಸಿ. ಎಸಿ ಶುರು ಮಾಡುವಾಗ ಜನರೇಟರಿನ ಇಕಾನಮಿ ಸ್ವಿಚ್ ಆಫ್ ಇರಲಿ, ಇಲ್ಲದಿದ್ದರೆ ಎಂಜಿನ್ ನಿಧಾನಕ್ಕೆ ತಿರುಗುತ್ತಿರುತ್ತದೆ, ವೇಗ ಹಿಡಿಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಇಷ್ಟು ಗಾಳಿಯ ಕಥೆ. ಈಗ ಗ್ಯಾಸಿನದು. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಇದೇ: ಎಂಜಿನ್ ಏರಿಳಿಯುತ್ತಿತ್ತು ಅಂದಿದ್ದೀರಿ, ಅದೂ ಎಸಿ ಹಾಕುವ ಮೊದಲೇ. ಲೋಡ್ ಇಲ್ಲದೆ ಎಂಜಿನ್ ಹಾಗೆ ಉಯ್ಯಾಲೆ ಆಡಿದರೆ ಮೊದಲು ಸಂಶಯ ಪಡಬೇಕಾದ್ದು ಗ್ಯಾಸಿನ ದಾರಿಯನ್ನು.

ಟ್ರೇಲರಿನ ಪಕ್ಕದ ಪೋರ್ಟ್ ಇರುವುದು ಹೊರಗೆ ಸಣ್ಣ ಒಲೆ ಅಥವಾ ಗ್ರಿಲ್ ಹಚ್ಚಲು. ಟ್ರೇಲರಿನ ಮುಂಭಾಗದಲ್ಲಿರುವ ಎರಡು ಸಿಲಿಂಡರುಗಳಿಂದ ಬರುವ ಗ್ಯಾಸ್ ಅಲ್ಲೇ ಮುಂದೆ ಇರುವ ರೆಗ್ಯುಲೇಟರಿನಲ್ಲಿ ಇಳಿದು, 11 ಇಂಚು ನೀರಿನ ಒತ್ತಡಕ್ಕೆ ಬಂದು, ಆಮೇಲೆ ಪೈಪಿನಲ್ಲಿ ಒಳಗೆ ಹೋಗುತ್ತದೆ. 11 ಇಂಚು ನೀರು ಎಂದರೆ 28 ಸೆಂಟಿಮೀಟರ್ ಎತ್ತರಕ್ಕೆ ನೀರನ್ನು ತಳ್ಳುವಷ್ಟು ಒತ್ತಡ, ಅಷ್ಟೆ. ನಮ್ಮೂರಿನ ಮನೆ ಸಿಲಿಂಡರಿನ ರೆಗ್ಯುಲೇಟರ್ ಕೂಡ ಹೆಚ್ಚುಕಮ್ಮಿ ಇಷ್ಟೇ ಒತ್ತಡ ಕೊಡುತ್ತದೆ. ನಿಮ್ಮ ಜನರೇಟರಿನ ಜೊತೆ ಬಂದ ಪೈಪಿನ ತುದಿಯಲ್ಲೂ ಒಂದು ರೆಗ್ಯುಲೇಟರ್ ಇದೆ, ನೋಡಿದ್ದೀರಾ? ಅದು ಸಿಲಿಂಡರಿನ ಪೂರ್ತಿ ಒತ್ತಡ ಸಿಗುತ್ತದೆ ಅಂದುಕೊಂಡು ಕೂತಿರುತ್ತದೆ. ಪೋರ್ಟಿಗೆ ಅಡಾಪ್ಟರ್ ಹಾಕಿ ಆ ಪೈಪನ್ನೇ ಜೋಡಿಸಿದ್ದರೆ, ಮೊದಲೇ ಇಳಿದು ಬಂದ ಗ್ಯಾಸನ್ನು ಅದು ಮತ್ತೆ ಇಳಿಸುತ್ತದೆ. ಎಂಜಿನ್ನಿಗೆ ಸಿಗುವುದು ನಿಟ್ಟುಸಿರಿನಷ್ಟು. ಇದು ತುಂಬ ಸಾಮಾನ್ಯ ತಪ್ಪು.

ರೆಗ್ಯುಲೇಟರ್ ಇಲ್ಲದ ಬರೀ ಪೈಪ್ ಹಾಕಿದ್ದರೂ ಇನ್ನೊಂದು ತೊಂದರೆ ಇದೆ. ಎಸಿ ಓಡಿಸುವ ಜನರೇಟರ್ ಗಂಟೆಗೆ ಹತ್ತಿರ ಹತ್ತಿರ 2 ಪೌಂಡ್ ಗ್ಯಾಸ್ ಕುಡಿಯುತ್ತದೆ, ಬಿಟಿಯು ಲೆಕ್ಕದಲ್ಲಿ 40,000 ಮೇಲೆ. ಟ್ರೇಲರನ್ನು ಬೆಚ್ಚಗಿಡುವ ಫರ್ನೇಸ್ ಕೂಡ ಇಷ್ಟು ಕುಡಿಯುವುದಿಲ್ಲ, ಅದು 30,000 ಆಸುಪಾಸು. ಆ ಪೋರ್ಟಿಗೆ ಹೋಗಿರುವ ಪೈಪ್ ಸಣ್ಣದು, ಅದರಲ್ಲಿ ಒಲೆ ಹತ್ತೀತು, ಎಂಜಿನ್ನಿನ ಹಸಿವು ತೀರುವುದು ಕಷ್ಟ. ಕಡಿಮೆ ಒತ್ತಡದ ಗ್ಯಾಸನ್ನು ಉದ್ದ ಪೈಪಿನಲ್ಲಿ ಕಳಿಸಿದಷ್ಟೂ ದಾರಿಯಲ್ಲೇ ಒತ್ತಡ ಇಳಿದುಹೋಗುತ್ತದೆ.

ಮತ್ತು ಇಲ್ಲೇ ಎಲ್ಲಕ್ಕಿಂತ ದೊಡ್ಡ ವಿಷಯ ಬರುತ್ತದೆ. ಜನರೇಟರನ್ನು ಟ್ರೇಲರಿನಿಂದ 20 ಅಡಿ ದೂರ ಇಡಲೇಬೇಕು. ಪೋರ್ಟಿಗೆ ಜೋಡಿಸಿದರೆ ಪೈಪ್ ಮುಟ್ಟುವಷ್ಟು ಹತ್ತಿರಕ್ಕೆ ತಂದು ಇಡುತ್ತೀರಿ, ಅಲ್ವಾ? ಹತ್ತು ಅಡಿ, ಕೆಲವರು ಐದು ಅಡಿ. ಕಿಟಕಿಯ ಕೆಳಗೇ. ಪ್ರೊಪೇನ್ ಶುಭ್ರವಾಗಿ ಉರಿಯುತ್ತದೆ, ಹಾಗಾಗಿ ಹೊಗೆಯಲ್ಲಿ ವಿಷ ಇಲ್ಲ ಎಂದು ನಂಬಿದವರನ್ನು ನಾನು ಕಂಡಿದ್ದೇನೆ. ದಯವಿಟ್ಟು ನಂಬಬೇಡಿ. ಎಂಜಿನ್ನಿನಲ್ಲಿ ಉರಿದ ಪ್ರೊಪೇನ್ ಕೂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಪೆಟ್ರೋಲ್ ಹೊಗೆಯಾದರೆ ಮೂಗಿಗೆ ಹೊಡೆದು ಎಚ್ಚರಿಸುತ್ತದೆ, ಪ್ರೊಪೇನ್ ಹೊಗೆ ಅಷ್ಟೂ ಹೇಳುವುದಿಲ್ಲ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಪ್ರಕಾರ ಪೋರ್ಟಬಲ್ ಜನರೇಟರಿನ ಈ ಅನಿಲದಿಂದ ಈ ದೇಶದಲ್ಲಿ ವರ್ಷಕ್ಕೆ ಸುಮಾರು 100 ಜನ ಸಾಯುತ್ತಾರೆ. ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆ ಕೊಳವೆ ಆಚೆ ಮುಖ, ಇದು ಅವರದೇ ಮಾತು.

ನನ್ನ ಮನೆಯಲ್ಲೇ ಆಗಿದೆ, ಹೇಳುತ್ತೇನೆ. ವರ್ಷಗಳ ಹಿಂದೆ ಅರಿಜೋನಾದ ಕ್ವಾರ್ಟ್‌ಸೈಟ್ ಬಯಲಿನಲ್ಲಿ ಚಳಿಗಾಲದ ಕ್ಯಾಂಪ್ ಹಾಕಿದ್ದೆವು. ಜನರೇಟರನ್ನು ಟ್ರೇಲರಿನ ಹಿಂದೆ, ಬಂಪರಿನಿಂದ ಆರೇಳು ಅಡಿ ದೂರ ಇಟ್ಟಿದ್ದೆ. ಮಧ್ಯಾಹ್ನ ಗಾಳಿ ಆಚೆಗೆ ಬೀಸುತ್ತಿತ್ತು, ಸಂಜೆ ತಿರುಗಿತು. ಹಿಂದಿನ ಕಿಟಕಿ ಎರಡು ಬೆರಳಷ್ಟು ತೆರೆದಿತ್ತು. ಮಗಳು ತಲೆನೋವು ಎಂದು ಮಲಗಿದ್ದಳು, ಬಿಸಿಲಿಗೆ ಆಡಿದ್ದಕ್ಕೆ ಇರಬೇಕು ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ಅಲಾರಂ ಕೂಗಿತು. ಅವಳನ್ನು ಎತ್ತಿಕೊಂಡು ಹೊರಗೆ ಓಡಿದ್ದು ಇವತ್ತಿಗೂ ಕೈಕಾಲಿಗೆ ನೆನಪಿದೆ. ಅವತ್ತು ಆ ಅಲಾರಂ ಇಲ್ಲದಿದ್ದರೆ ನಾವು ಆ ತಲೆನೋವಿಗೆ ಮಾತ್ರೆ ಕೊಟ್ಟು ಮಲಗಿಸುತ್ತಿದ್ದೆವು. ನಿಮ್ಮದು ಸೆಕೆಂಡ್ ಹ್ಯಾಂಡ್ ಟ್ರೇಲರ್, ಒಳಗಿನ ಗ್ಯಾಸ್ ಡಿಟೆಕ್ಟರ್ ಮತ್ತು ಕಾರ್ಬನ್ ಮೊನಾಕ್ಸೈಡ್ ಡಿಟೆಕ್ಟರ್ ಬಿಚ್ಚಿ ಹಿಂದೆ ಬರೆದ ತಾರೀಖು ನೋಡಿ. ಅವುಗಳ ಆಯುಷ್ಯ ಸಾಮಾನ್ಯವಾಗಿ 5ರಿಂದ 7 ವರ್ಷ. ದೀಪ ಹಸಿರಾಗಿದೆ ಎಂದರೆ ಕೆಲಸ ಮಾಡುತ್ತಿದೆ ಎಂದಲ್ಲ. ತಾರೀಖು ದಾಟಿದ್ದರೆ ಅಮ್ಮ ಬರುವ ಮುಂಚೆ ಹೊಸದು ಹಾಕಿ. ಈಚಿನ ಎಷ್ಟೋ ಜನರೇಟರುಗಳಲ್ಲಿ ಈ ಅನಿಲ ಹೆಚ್ಚಾದರೆ ತಾನೇ ನಿಲ್ಲುವ ಸೆನ್ಸರ್ ಇರುತ್ತದೆ, ಒಳ್ಳೆಯದೇ. ಆದರೆ ಅದು ಅಳೆಯುವುದು ಜನರೇಟರಿನ ಸುತ್ತಲಿನ ಗಾಳಿಯನ್ನು, ನೀವು ಮಲಗಿದ ಕೋಣೆಯ ಗಾಳಿಯನ್ನಲ್ಲ.

ಈಗ ನಾನು ಏನು ಮಾಡುತ್ತೇನೆ ಎಂದು ಹೇಳುತ್ತೇನೆ, ನೀವೂ ಹಾಗೇ ಮಾಡಿ ಎಂದು ಕೇಳಿಕೊಳ್ಳುತ್ತೇನೆ. ಟ್ರೇಲರಿನ ಗ್ಯಾಸಿಗೆ ಜನರೇಟರನ್ನು ಜೋಡಿಸುವುದೇ ಬೇಡ. ಅದಕ್ಕೆ ಅದರದೇ ಒಂದು ಸಿಲಿಂಡರ್ ಇರಲಿ, ಜನರೇಟರಿನ ಪಕ್ಕದಲ್ಲೇ, ಜೊತೆಗೆ ಬಂದ ಪೈಪ್ ಮತ್ತು ರೆಗ್ಯುಲೇಟರ್ ಹಾಕಿ, ಎರಡನ್ನೂ ಒಟ್ಟಿಗೆ 20 ಅಡಿ ಆಚೆ ಇಡಿ. ಅಲ್ಲಿಂದ ಟ್ರೇಲರಿಗೆ ಬರುವುದು ಕರೆಂಟ್ ವೈರ್ ಮಾತ್ರ. ಗ್ಯಾಸನ್ನು 20 ಅಡಿ ಕಳಿಸುವುದು ಕಷ್ಟ, ಕರೆಂಟನ್ನು 20 ಅಡಿ ಕಳಿಸುವುದು ಏನೂ ಅಲ್ಲ. ಟ್ರೇಲರಿನ ಸ್ವಂತ ವೈರೇ ಸಾಮಾನ್ಯವಾಗಿ 25 ಅಡಿ ಇರುತ್ತದೆ, ಸಾಲದಿದ್ದರೆ 10 ಗೇಜ್ ದಪ್ಪದ 30 ಆ್ಯಂಪ್ ಎಕ್ಸ್‌ಟೆನ್ಷನ್ ಇನ್ನೊಂದು 25 ಅಡಿ ತಗೊಳ್ಳಿ. ಮನೆಯಲ್ಲಿ ಹುಲ್ಲು ಕತ್ತರಿಸುವ ಮಷೀನಿಗೆ ಹಾಕುವ ತೆಳು ಕಿತ್ತಳೆ ವೈರ್ ಮಾತ್ರ ಬೇಡ, ಬಿಸಿಯಾಗುತ್ತದೆ, ವೋಲ್ಟೇಜ್ ಇಳಿದು ಕಂಪ್ರೆಸರ್ ಸುಡುತ್ತದೆ.

ಮೂರನೇ ಸಿಲಿಂಡರಿಗೆ ಜಾಗ ಇಲ್ಲ ಅನ್ನುವವರು ಮುಂದಿನ ಎರಡರಲ್ಲಿ ಒಂದನ್ನು ಬಿಚ್ಚಿ ತಂದು ಜನರೇಟರಿಗೆ ಕೊಡಬಹುದು, ಬೇಸಿಗೆಯಲ್ಲಿ ಒಲೆಗೂ ಫ್ರಿಜ್ಜಿಗೂ ಉಳಿದ ಒಂದು ಧಾರಾಳ ಸಾಕು. ಬಿಚ್ಚಿದ ಪೈಪಿನ ಕಡೆ ದೂಳು ಹೋಗದಂತೆ ಮುಚ್ಚಳ ಹಾಕಿ, ರೆಗ್ಯುಲೇಟರಿನ ಗುಬ್ಬಿಯನ್ನು ಉಳಿದ ಸಿಲಿಂಡರಿನ ಕಡೆಗೆ ತಿರುಗಿಸಿ. ಸಿಲಿಂಡರ್ ಪಕ್ಕದಲ್ಲೇ ಹಾಕುವ ಟಿ ಆಕಾರದ ಹಿತ್ತಾಳೆ ಫಿಟಿಂಗ್ ಒಂದು ಸಿಗುತ್ತದೆ, ಅದು ರೆಗ್ಯುಲೇಟರಿಗಿಂತ ಮುಂಚೆಯೇ ಪೂರ್ತಿ ಒತ್ತಡದ ಗ್ಯಾಸ್ ಕೊಡುತ್ತದೆ, ಹಾಗಾಗಿ ಒತ್ತಡದ ತೊಂದರೆ ಇಲ್ಲ. ಆದರೂ ಪೂರ್ತಿ ಒತ್ತಡದ ಉದ್ದ ಪೈಪ್ ನೆಲದ ಮೇಲೆ, ಮಕ್ಕಳು ಓಡಾಡುವಲ್ಲಿ ಇರುವುದು ನನಗೆ ಸರಿ ಕಾಣುವುದಿಲ್ಲ.

ಸಿಲಿಂಡರ್ ಯಾವಾಗಲೂ ನಿಂತೇ ಇರಬೇಕು. ಮಲಗಿಸಿದರೆ ಆವಿಯ ಬದಲು ದ್ರವ ಬರುತ್ತದೆ, ಅಪಾಯ. ಹೊಗೆ ಬರುವ ಕಡೆ ಇಡಬೇಡಿ. ತಗ್ಗಿನಲ್ಲಿ ಇಡಬೇಡಿ, ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಸೋರಿದರೆ ತಗ್ಗಿಗೆ ಹರಿದು ಅಲ್ಲೇ ಕೂರುತ್ತದೆ. ಜೋಡಿಸಿದ ಮೇಲೆ ಸೋಪಿನ ನೊರೆ ಹಚ್ಚಿ ನೋಡುವುದು ನಿಮಗೆ ಹೊಸದೇನಲ್ಲ, ಊರಲ್ಲಿ ಗ್ಯಾಸ್ ತಂದುಕೊಡುವವರು ಮಾಡುವುದನ್ನು ನೋಡಿಯೇ ಬೆಳೆದಿದ್ದೇವೆ. ಗುಳ್ಳೆ ಬಂದರೆ ಸೋರಿಕೆ.

ವಾಲ್ವ್ ತೆರೆಯುವ ರೀತಿ ಮಾತ್ರ ಇಲ್ಲಿ ಬೇರೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಇಲ್ಲಿನ ಪೈಪಿನ ತುದಿಯ ದೊಡ್ಡ ಪ್ಲಾಸ್ಟಿಕ್ ನಟ್ಟಿನ ಒಳಗೆ ಒಂದು ಕಾವಲುಗಾರ ಕೂತಿದೆ. ಪೈಪ್ ಕಿತ್ತುಹೋಗಿ ಗ್ಯಾಸ್ ಒಮ್ಮೆಲೇ ನುಗ್ಗಿದರೆ ಅದು ದಾರಿ ಮುಚ್ಚಿ ಹನಿಯಷ್ಟೇ ಬಿಡುತ್ತದೆ. ನೀವು ವಾಲ್ವನ್ನು ಫಟ್ ಅಂತ ತಿರುಗಿಸಿದರೂ ಅದಕ್ಕೆ ಹಾಗೇ ಅನಿಸುತ್ತದೆ, ಮುಚ್ಚಿಕೊಳ್ಳುತ್ತದೆ. ಆಮೇಲೆ ಜನರೇಟರ್ ಶುರುವಾಗಿ ನಾಲ್ಕು ಸಲ ಕೆಮ್ಮಿ ಸಾಯುತ್ತದೆ, ನೀವು ಸಿಲಿಂಡರ್ ಖಾಲಿ ಅಂದುಕೊಳ್ಳುತ್ತೀರಿ. ಹಾಗಾದರೆ ವಾಲ್ವ್ ಮುಚ್ಚಿ, ಒಂದೆರಡು ನಿಮಿಷ ಬಿಟ್ಟು, ಮತ್ತೆ ತುಂಬ ನಿಧಾನಕ್ಕೆ ತೆರೆಯಿರಿ. ಪೈಪಿನಲ್ಲಿ ಗಾಳಿ ಇರುವುದರಿಂದ ಮೊದಲ ಸಲ ಮೂರ್ನಾಲ್ಕು ಬಾರಿ ಹಗ್ಗ ಎಳೆಯಬೇಕಾದೀತು, ಅದು ಸಹಜ. ನಿಲ್ಲಿಸುವಾಗ ಎಸಿ ಆಫ್ ಮಾಡಿ, ಎರಡು ನಿಮಿಷ ಖಾಲಿ ಓಡಿಸಿ, ಸಿಲಿಂಡರಿನ ವಾಲ್ವ್ ಮುಚ್ಚಿಬಿಡಿ. ಪೈಪಿನಲ್ಲಿ ಉಳಿದದ್ದು ಉರಿದು ತಾನೇ ನಿಲ್ಲುತ್ತದೆ.

ಇನ್ನು ನಿಮ್ಮ ಕೊನೆಯ ಎರಡು ಪ್ರಶ್ನೆ. ನಮ್ಮೂರಿನ ಅಡುಗೆ ಗ್ಯಾಸ್ ಪ್ರೊಪೇನ್ ಮತ್ತು ಬ್ಯುಟೇನ್ ಸೇರಿಸಿದ್ದು. ಇಲ್ಲಿ ಮಾರುವುದರಲ್ಲಿ ಕನಿಷ್ಠ ನೂರಕ್ಕೆ 90 ಪಾಲು ಪ್ರೊಪೇನ್. ಕಾರಣ ಚಳಿ. ಬ್ಯುಟೇನ್ ಸೊನ್ನೆ ಡಿಗ್ರಿ ಸೆಲ್ಸಿಯಸ್ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಶಿವಮೊಗ್ಗದಲ್ಲಿ ಆ ಚಿಂತೆ ಇಲ್ಲ, ಡೆನ್ವರಿನಲ್ಲಿ ಜನವರಿಯಲ್ಲಿ ಒಲೆಯೇ ಹತ್ತುವುದಿಲ್ಲ. ಪ್ರೊಪೇನ್ ಕುದಿಯುವುದು ಮೈನಸ್ 42ರಲ್ಲಿ. ಸೋರಿದರೆ ಗೊತ್ತಾಗಲಿ ಎಂದು ಬೆರೆಸುವ ಆ ಕೊಳೆತ ವಾಸನೆ ಮಾತ್ರ ಅದೇ, ಅಮ್ಮನಿಗೆ ಮೂಗಿಗೆ ಬಿದ್ದರೆ ಕೂಡಲೇ ಗುರುತು ಹಿಡಿಯುತ್ತಾರೆ. ಇಲ್ಲಿನ 30 ಪೌಂಡ್ ಸಿಲಿಂಡರ್ ಎಂದರೆ 13.6 ಕೆಜಿ, ನಮ್ಮ ಮನೆಯ 14.2 ಕೆಜಿ ಕೆಂಪು ಸಿಲಿಂಡರಿಗೆ ಸ್ವಲ್ಪವೇ ಕಮ್ಮಿ.

ಎಷ್ಟು ಹೊತ್ತು ಬರುತ್ತದೆ? ಕಂಪನಿಯವರು ಬರೆಯುವ 14-15 ಗಂಟೆ ಕಾಲು ಭಾಗ ಲೋಡಿನ ಲೆಕ್ಕ, ಎಸಿ ಹಾಕಿದರೆ ಅದು ಸಿಗುವುದಿಲ್ಲ. ನಾನು ಸಿಲಿಂಡರನ್ನು ತಕ್ಕಡಿಯಲ್ಲಿ ತೂಗಿ ನೋಡಿದ ಪ್ರಕಾರ ಎಸಿ ಓಡುವಾಗ 20 ಪೌಂಡ್ ಸಿಲಿಂಡರ್ 9-10 ಗಂಟೆ ಬರುತ್ತದೆ. ಆದರೆ ಅಂಗಡಿ ಮುಂದಿನ ಪಂಜರದಲ್ಲಿ ಖಾಲಿ ಕೊಟ್ಟು ತುಂಬಿದ್ದು ತರುತ್ತೀರಲ್ಲ, ಅದರಲ್ಲಿ ಸಾಮಾನ್ಯವಾಗಿ 15 ಪೌಂಡ್ ಮಾತ್ರ ಇರುತ್ತದೆ. ನಿಮ್ಮದೇ ಸಿಲಿಂಡರ್ ಒಯ್ದು ಕಣ್ಣೆದುರು ತುಂಬಿಸಿಕೊಳ್ಳಿ. ಹಾಗೆ ತುಂಬಿಸುವಾಗ ಸಿಲಿಂಡರಿನ ಕುತ್ತಿಗೆಯ ಮೇಲೆ ಒತ್ತಿದ ತಾರೀಖು ನೋಡುತ್ತಾರೆ, ತಯಾರಾಗಿ 12 ವರ್ಷ ದಾಟಿದ್ದು ಮತ್ತೆ ಪರೀಕ್ಷೆ ಆಗದೆ ಇದ್ದರೆ ತುಂಬುವುದಿಲ್ಲ. ಹಳೆಯ ಟ್ರೇಲರಿನ ಜೊತೆ ಬಂದ ಸಿಲಿಂಡರುಗಳಲ್ಲಿ ಇದು ಎಷ್ಟೋ ಸಲ ಆಗುತ್ತದೆ, ಹೊರಡುವ ಹಿಂದಿನ ದಿನ ಗೊತ್ತಾದರೆ ಪೇಚು. ಈಗಲೇ ನೋಡಿಬಿಡಿ. ಶಕ್ತಿಯ ಲೆಕ್ಕದಲ್ಲಿ 20 ಪೌಂಡ್ ಪ್ರೊಪೇನ್ ಸುಮಾರು 3.8 ಗ್ಯಾಲನ್ ಪೆಟ್ರೋಲಿಗೆ ಸಮ, ಸಾಮಾನ್ಯವಾಗಿ ಪ್ರೊಪೇನೇ ದುಬಾರಿ ಬೀಳುತ್ತದೆ.

ಮತ್ತೆ ಯಾಕೆ ಪ್ರೊಪೇನ್? ನನ್ನ ಮಟ್ಟಿಗೆ ಕಾರಣ ಒಂದೇ ಸಾಕು. ಪೆಟ್ರೋಲ್ ಕೆಲವು ತಿಂಗಳಲ್ಲೇ ಹಳಸುತ್ತದೆ, ಕಾರ್ಬುರೇಟರಿನ ಸಣ್ಣ ತೂತುಗಳಲ್ಲಿ ಅಂಟಾಗಿ ಕೂರುತ್ತದೆ, ಅಕ್ಟೋಬರಿನಲ್ಲಿ ಮುಚ್ಚಿಟ್ಟ ಜನರೇಟರ್ ಮೇ ತಿಂಗಳಲ್ಲಿ ಹಗ್ಗ ಎಳೆದು ಎಳೆದು ಭುಜ ನೋಯುತ್ತದೆ ಹೊರತು ಶುರುವಾಗುವುದಿಲ್ಲ. ಪ್ರೊಪೇನ್ ಐದು ವರ್ಷ ಇಟ್ಟರೂ ಹಾಗೇ ಇರುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸುರಿಯುವ ಭಯವೂ ಇಲ್ಲ, ಕಾರಿನೊಳಗೆ ಕ್ಯಾನಿನ ವಾಸನೆಯೂ ಇಲ್ಲ. ಆದರೂ ಎತ್ತರದ ಜಾಗದಲ್ಲಿ ಎಸಿಗೆ ಆ ಶೇಕಡಾ 10 ಬೇಕೇ ಬೇಕು ಎಂದಾದರೆ ಆ ಎರಡು ದಿನ ಪೆಟ್ರೋಲ್ ಹಾಕಿ. ಎರಡರಲ್ಲೂ ಓಡುವ ಮಷೀನ್ ತಗೊಂಡದ್ದು ಅದಕ್ಕೇ ತಾನೆ.

ಚಳಿಗಾಲಕ್ಕೆ ಒಂದು ಮಾತು. ಅಕ್ಟೋಬರ್ ದಾಟಿದ ಮೇಲೆ ಅರ್ಧ ಖಾಲಿ 20 ಪೌಂಡ್ ಸಿಲಿಂಡರಿನ ಹೊರಗೆ ಹಿಮ ಕಟ್ಟುತ್ತದೆ, ಜನರೇಟರ್ ನರಳುತ್ತದೆ. ದ್ರವ ಆವಿಯಾಗಲು ಬೇಕಾದ ಶಾಖವನ್ನು ಸಿಲಿಂಡರಿನ ಗೋಡೆ ಸುತ್ತಲಿನ ಗಾಳಿಯಿಂದ ಎಳೆದುಕೊಳ್ಳಬೇಕು, ಒಳಗೆ ದ್ರವ ಕಮ್ಮಿಯಾದಷ್ಟೂ ಆ ಗೋಡೆ ಕಮ್ಮಿ. ಪಾಪ ಚಳಿ ಅಂತ ಕಂಬಳಿ ಸುತ್ತುವವರಿದ್ದಾರೆ, ಅದರಿಂದ ಬರುವ ಅಷ್ಟಿಷ್ಟು ಶಾಖವೂ ನಿಲ್ಲುತ್ತದೆ. ಬೆಂಕಿಯಂತೂ ಹತ್ತಿರ ತರಲೇಬಾರದು. 30 ಪೌಂಡಿನ ತುಂಬಿದ ಸಿಲಿಂಡರ್ ಇಡಿ, ಸಾಕು.

ಕರೆಂಟಿನ ಕಡೆ ಒಂದು ಸಣ್ಣ ಗೊಂದಲ ಎದುರಾಗಬಹುದು. ಟ್ರೇಲರಿಗೆ ಸರ್ಜ್ ಪ್ರೊಟೆಕ್ಟರ್ (ಕರೆಂಟಿನ ಏರುಪೇರಿನಿಂದ ಕಾಯುವ ಡಬ್ಬ) ಹಾಕಿದ್ದರೆ ಅದು ಓಪನ್ ಗ್ರೌಂಡ್, ಅಂದರೆ ಅರ್ಥಿಂಗ್ ಇಲ್ಲ, ಎಂದು ಹೇಳಿ ಕರೆಂಟ್ ಒಳಗೆ ಬಿಡದಿರಬಹುದು. ಇನ್ವರ್ಟರ್ ಜನರೇಟರುಗಳಲ್ಲಿ ನ್ಯೂಟ್ರಲ್ ಮತ್ತು ಗ್ರೌಂಡ್ ಸಾಮಾನ್ಯವಾಗಿ ಒಳಗೆ ಜೋಡಿಸಿರುವುದಿಲ್ಲ, ಅದಕ್ಕೆ. ಜನರೇಟರಿನ ಇನ್ನೊಂದು ಸಾಕೆಟ್ಟಿಗೆ ಚುಚ್ಚಿ ಆ ಎರಡನ್ನೂ ಸೇರಿಸುವ ಬಾಂಡಿಂಗ್ ಪ್ಲಗ್ ಸಿಗುತ್ತದೆ, ಅದು ಜನರೇಟರಿಗೆ ಮಾತ್ರ. ಮನೆಯ ಸಾಕೆಟ್ಟಿಗೋ ಕ್ಯಾಂಪ್‌ಗ್ರೌಂಡಿನ ಕಂಬಕ್ಕೋ ಅದನ್ನು ಹಾಕಬಾರದು, ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ.

ಮೋಆಬ್ ಊರು ಸುಮಾರು 4,000 ಅಡಿ. ಪ್ರೊಪೇನಲ್ಲಿ ನಿಮಗೆ 2,400 ವ್ಯಾಟ್ ಆಸುಪಾಸು ಸಿಗುತ್ತದೆ. ಆದರೆ ಜುಲೈನಲ್ಲಿ ಅಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ಸಾಮಾನ್ಯ, ಎಸಿ 1,700ರ ಮೇಲೆ ಎಳೆಯುತ್ತದೆ. ಸಾಫ್ಟ್ ಸ್ಟಾರ್ಟ್ ಇದ್ದು, ಬೇರೆಲ್ಲ ಆಫ್ ಇದ್ದರೆ ನಡೆಯುತ್ತದೆ, ಕೈಯಲ್ಲಿ ಜಾಸ್ತಿ ಉಳಿಯುವುದಿಲ್ಲ. ನನ್ನನ್ನು ಕೇಳಿದರೆ ಅಮ್ಮ ಜೊತೆಗಿರುವಾಗ ಮೋಆಬ್‌ನಲ್ಲಿ ಕರೆಂಟ್ ಕಂಬ ಇರುವ ಜಾಗವನ್ನೇ ಬುಕ್ ಮಾಡಿ. ರಾತ್ರಿ ಜನರೇಟರ್ ಓಡಿಸಿಕೊಂಡು ಮಲಗುವುದು ನನಗೆ ಒಪ್ಪಿಗೆಯಿಲ್ಲ, ಹೆಚ್ಚಿನ ಕ್ಯಾಂಪ್‌ಗ್ರೌಂಡುಗಳೂ ಬಿಡುವುದಿಲ್ಲ. ನ್ಯಾಷನಲ್ ಪಾರ್ಕುಗಳಲ್ಲಿ 50 ಅಡಿ ದೂರದಲ್ಲಿ 60 ಡೆಸಿಬಲ್ ಮೀರಬಾರದು ಎಂಬ ನಿಯಮವೂ ಇದೆ, ಓಡಿಸುವ ಹೊತ್ತನ್ನು ಪ್ರತಿ ಕ್ಯಾಂಪ್‌ಗ್ರೌಂಡ್ ಬೋರ್ಡಿನಲ್ಲಿ ಬರೆದಿರುತ್ತದೆ. ಸ್ಯಾಂಡ್ ಡ್ಯೂನ್ಸ್‌ಗೆ ಅಮ್ಮನನ್ನು ಧೈರ್ಯವಾಗಿ ಕರೆದುಕೊಂಡು ಹೋಗಿ. ಅಲ್ಲಿ ಮಧ್ಯಾಹ್ನ ಮರಳು 150 ಡಿಗ್ರಿ ಫ್ಯಾರನ್‌ಹೀಟ್‌ವರೆಗೂ ಕಾಯುತ್ತದೆ, ಚಪ್ಪಲಿ ಇಲ್ಲದೆ ಕಾಲಿಡುವಂತಿಲ್ಲ, ಆದರೆ ಸಂಜೆಯಾದರೆ ಶಾಲು ಹೊದೆಯುವಷ್ಟು ತಂಪು. ಮಧ್ಯಾಹ್ನ ಎರಡು ಮೂರು ಗಂಟೆ ಎಸಿ ಓಡಿಸಿದರೆ ಅವರಿಗೆ ಸಾಕಾಗುತ್ತದೆ.

ಹೊರಡುವ ಮುಂಚೆ ಈ ಶನಿವಾರ ಮನೆ ಮುಂದೆಯೇ ಒಂದು ಪರೀಕ್ಷೆ ಮಾಡಿ. ಜನರೇಟರಿಗೆ ಪ್ರತ್ಯೇಕ ಸಿಲಿಂಡರ್ ಹಾಕಿ, ಟ್ರೇಲರ್ ಜೋಡಿಸದೆ, ಬರೀ ಒಂದು 1,500 ವ್ಯಾಟ್ ರೂಮ್ ಹೀಟರ್ ಚುಚ್ಚಿ 20 ನಿಮಿಷ ಓಡಿಸಿ. ಎಂಜಿನ್ ಒಂದೇ ಸಮ ಸದ್ದು ಮಾಡುತ್ತಿದ್ದರೆ ಗ್ಯಾಸಿನ ದಾರಿ ಸರಿಯಿದೆ. ಆಮೇಲೆ ಟ್ರೇಲರ್ ಜೋಡಿಸಿ, ಎಸಿ ಬಿಟ್ಟು ಬೇರೆಲ್ಲ ಆಫ್ ಮಾಡಿ ನೋಡಿ. ಹೀಟರಿನಲ್ಲಿ ಚೆನ್ನಾಗಿ ಓಡಿ ಎಸಿಯಲ್ಲಿ ಮಾತ್ರ ನಿಂತರೆ ಸಾಫ್ಟ್ ಸ್ಟಾರ್ಟ್ ಬೇಕು ಎಂದರ್ಥ. ಹೀಟರಿನಲ್ಲೇ ಏರಿಳಿದರೆ ಪೈಪಿನ ತುದಿಯ ರೆಗ್ಯುಲೇಟರಿನ ಫೋಟೋ, ಅದರ ಮೇಲೆ ಬರೆದ ಒತ್ತಡದ ಅಂಕಿ ಕಾಣುವ ಹಾಗೆ ತೆಗೆದು ಕಳಿಸಿ, ನೋಡಿ ಹೇಳುತ್ತೇನೆ.